ಕೊನೆಗೌಡನ ಕೂಲಿ

ದೀಪಾವಳಿ ಹತ್ತಿರ ಬಂತೆಂದರೆ ಶಿರಸಿ, ಸಿದ್ದಾಪುರ, ಸಾಗರ, ಹೊಸನಗರದ ಅಡಿಕೆ ಸೀಮೆಯಲ್ಲಿ ಎಲ್ಲಿ ಹೋದರೂ ಒಂದೇ ಮಾತು: ‘ಆಳೇ ಸಿಗ್ತಿಲ್ಲ ಮಾರಾಯ್ರೆ.’ ಮದುವೆಮನೆಯ ಪಂಕ್ತಿಯಲ್ಲಿ, ಸೊಸೈಟಿಯ ಜಗುಲಿಯಲ್ಲಿ, ಡೇರಿಗೆ ಹಾಲು ಹಾಕಲು ನಿಂತ ಸಾಲಿನಲ್ಲಿ ಕುಶಲ ವಿಚಾರಿಸಿದ ಮೇಲಿನ ಎರಡನೇ ಮಾತೇ ಇದು. ಅದರ ಬೆನ್ನಿಗೇ ಕಾರಣಗಳೂ ಬರುತ್ತವೆ. ಸರ್ಕಾರ ಅಕ್ಕಿ ಕೊಟ್ಟು ಹಾಳು ಮಾಡಿತು, ಉದ್ಯೋಗ ಖಾತರಿ ಬಂದು ಕೆಡಿಸಿತು, ಹುಡುಗರಿಗೆ ಬೆಂಗಳೂರಿನ ಹುಚ್ಚು.

ಗೋಳು ಸುಳ್ಳಲ್ಲ. ಹದಕ್ಕೆ ಬಂದ ಫಸಲು ಮರದ ಮೇಲೇ ಉಳಿದರೆ ಬೆಳೆಗಾರನ ಹೊಟ್ಟೆ ಉರಿಯುವುದು ಸಹಜ. ಆದರೆ ‘ಆಳು ಸಿಗುವುದಿಲ್ಲ’ ಎಂಬುದು ಅರ್ಧಕ್ಕೆ ನಿಂತ ವಾಕ್ಯ. ಯಾವ ಕೂಲಿಗೆ ಸಿಗುವುದಿಲ್ಲ? ಯಾವ ಕೆಲಸಕ್ಕೆ? ಯಾವ ವಾರ? ಈ ಮೂರನ್ನು ಸೇರಿಸಿದ ಮೇಲೇ ಅದು ಅರ್ಥಶಾಸ್ತ್ರದ ಪ್ರಶ್ನೆಯಾಗುತ್ತದೆ. ಬೆಲೆಯ ಮಾತೆತ್ತದೆ ಕೊರತೆಯ ಮಾತಾಡುವಂತಿಲ್ಲ. ಅಡಿಕೆಗೆ ಮಂಡಿಯಲ್ಲಿ ದರ ಏರಿದಾಗ ‘ಅಡಿಕೆ ಸಿಗುತ್ತಿಲ್ಲ’ ಎಂದು ವ್ಯಾಪಾರಿ ಹೇಳಿದರೆ, ಇನ್ನಷ್ಟು ಕೊಡು, ಸಿಗುತ್ತದೆ ಎನ್ನುತ್ತೇವೆ. ದುಡಿಮೆಯ ವಿಷಯದಲ್ಲೂ ಅದೇ ಉತ್ತರ ಅರ್ಧದಷ್ಟು ನಿಜ. ಇನ್ನರ್ಧ ತಿಳಿಯಬೇಕಾದರೆ ತೋಟಕ್ಕಿಳಿಯಬೇಕು.

ಅಡಿಕೆ ಮರ ಐವತ್ತು–ಅರವತ್ತು ಅಡಿ ಎತ್ತರಕ್ಕೆ ನೆಟ್ಟಗೆ ಹೋಗುತ್ತದೆ, ನಡುವೆ ಹಿಡಿಯಲು ಒಂದು ಕೊಂಬೆಯಿಲ್ಲ. ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವ ಕೊನೆಗೌಡ ಎರಡೂ ಪಾದಕ್ಕೆ ಹಗ್ಗದ ಬಳೆ ತೊಟ್ಟು, ಸೊಂಟಕ್ಕೆ ಕತ್ತಿ ಸಿಕ್ಕಿಸಿ, ಕಾಂಡವನ್ನು ತಬ್ಬಿ ಮೇಲೇರುತ್ತಾನೆ. ತುದಿಯಲ್ಲಿ ಕೂತು ಕೊನೆಯ ಬಣ್ಣ ನೋಡಿ, ಹದವಾಗಿದ್ದನ್ನು ಮಾತ್ರ ಕೊಯ್ದು ಹಗ್ಗಕ್ಕೆ ಸಿಕ್ಕಿಸಿ ಬಿಡುತ್ತಾನೆ. ಕೆಳಗೆ ಹಗ್ಗ ಹಿಡಿದು ನಿಂತವನ ಕಡೆಗೆ ಅದು ಜಾರಿ ಬರುತ್ತದೆ, ಕಾಯಿ ಉದುರುವುದಿಲ್ಲ. ಆಮೇಲೆ ಕೆಳಗಿಳಿಯುವುದಿಲ್ಲ. ದೋಟಿಯ ಕೊಕ್ಕೆಯಿಂದ ಪಕ್ಕದ ಮರದ ತಲೆಯನ್ನು ತನ್ನತ್ತ ಎಳೆದುಕೊಂಡು, ಎರಡು ಮರಗಳೂ ಬಾಗಿ ತೂಗುತ್ತಿರುವಾಗಲೇ ಒಂದರಿಂದ ಇನ್ನೊಂದಕ್ಕೆ ದಾಟುತ್ತಾನೆ. ಪ್ರತಿ ಮರಕ್ಕೂ ಇಳಿದು ಹತ್ತಿದರೆ ಮೈಯಲ್ಲಿ ಶಕ್ತಿ ಉಳಿಯುವುದಿಲ್ಲ ಎಂಬುದಕ್ಕಾಗಿ ಹುಟ್ಟಿದ ವಿದ್ಯೆ ಇದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವಾಗ ಇದೇ ಕಾಂಡದ ಮೇಲೆ ಹಾವಸೆ ಕಟ್ಟಿರುತ್ತದೆ. ಮೈಲುತುತ್ತು–ಸುಣ್ಣದ ಬೋರ್ಡೊ ದ್ರಾವಣ ಮುಖಕ್ಕೆ ಸಿಡಿಯುತ್ತಿರುತ್ತದೆ. ಆಗ ಮರ ಹತ್ತುವವನ ಕಾಲಿನ ಹಿಡಿತದ ಮೇಲೆ ಬೆಳೆಗಾರನ ಇಡೀ ವರ್ಷ ನಿಂತಿರುತ್ತದೆ.

ಈ ಕೆಲಸವನ್ನು ಮೂವತ್ತನೇ ವಯಸ್ಸಿನಲ್ಲಿ ಯಾರೂ ಹೊಸದಾಗಿ ಕಲಿಯುವುದಿಲ್ಲ. ಹುಡುಗಾಟಿಕೆಯ ವಯಸ್ಸಿನಲ್ಲಿ ಅಪ್ಪನ ಹಿಂದೆ ತೋಟಕ್ಕೆ ಹೋಗಿ, ಮೊದಲು ಹಗ್ಗ ಹಿಡಿದು, ಆಮೇಲೆ ಗಿಡ್ಡ ಮರ ಹತ್ತಿ ಕಲಿತವರೇ ಇಂದು ಉಳಿದಿರುವವರು. ಐವತ್ತು ದಾಟುತ್ತಲೇ ಮೊಣಕಾಲು, ಸೊಂಟ ಮಾತು ಕೇಳುವುದಿಲ್ಲ. ಹೊಸಬರು ಬರುವ ಬಾಗಿಲು ಇಪ್ಪತ್ತು ವರ್ಷಗಳ ಹಿಂದೆಯೇ ಮುಚ್ಚಿತು, ಹಳಬರು ಹೋಗುವ ಬಾಗಿಲು ತೆರೆದೇ ಇದೆ. ಇಂಥ ಕಡೆ ಈ ವರ್ಷ ಕೂಲಿಯನ್ನು ಎರಡು ಪಟ್ಟು ಮಾಡಿದರೂ ಈ ವರ್ಷವೇ ಮರ ಹತ್ತುವವರ ಸಂಖ್ಯೆ ಎರಡು ಪಟ್ಟಾಗುವುದಿಲ್ಲ. ಪೂರೈಕೆ ಬೆಲೆಗೆ ಜಗ್ಗುವುದಿಲ್ಲ ಎಂದು ಅರ್ಥಶಾಸ್ತ್ರಜ್ಞರು ಹೇಳುವುದು ಇದನ್ನೇ. ಅಸ್ಸಾಂ, ಬಿಹಾರ, ಜಾರ್ಖಂಡಿನಿಂದ ಬಂದವರು, ನಮ್ಮದೇ ಹಾವೇರಿ, ಗದಗ, ಕೊಪ್ಪಳದ ಕಡೆಯವರು ಕಳೆ ತೆಗೆಯಲು, ಮಣ್ಣು ಹಾಕಲು, ಅಡಿಕೆ ಹೊರಲು ಸಿಗುತ್ತಾರೆ. ಮರ ಹತ್ತು ಎಂದರೆ ಅವರೂ ಆಗದೆಂದು ತಲೆಯಾಡಿಸುತ್ತಾರೆ.

ಬೇಡಿಕೆಯ ಕಡೆ ನೋಡಿದರೆ ಎಲ್ಲರಿಗೂ ಬೇಕಾಗಿರುವುದು ಒಂದೇ ವಾರ. ಎಕರೆಗೆ ಸುಮಾರು 550 ಮರ. ಎರಡು ಎಕರೆಯ ತೋಟಿಗನಿಗೆ ಕೊನೆಗೌಡ ಬೇಕಾಗುವುದು ವರ್ಷದಲ್ಲಿ ಬೆರಳೆಣಿಕೆಯ ದಿನ ಮಾತ್ರ, ಆದರೆ ಆ ದಿನವೇ ಬೇಕು. ಕೆಂಪಡಿಕೆ ಮಾಡುವವನಿಗೆ ಹಸಿಕಾಯಿ ಹದದಲ್ಲೇ ಇಳಿಯಬೇಕು. ಸುಲಿದು, ಬೇಯಿಸಿ, ಒಣಗಿಸಿದರೆ ಅದು ರಾಶಿ. ಹದ ಮೀರಿ ಹಣ್ಣಾದರೆ ಗೋಟು, ದರವೂ ಇಳಿಯಿತು. ಮದ್ದು ಹೊಡೆಯುವುದಂತೂ ಇನ್ನೂ ಬಿಗಿ: ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು–ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ನಡುವೆ ಬಿಸಿಲು ಬಿದ್ದ ನಾಲ್ಕು ದಿನದಲ್ಲಿ ಊರಿನ ಅಷ್ಟೂ ತೋಟಕ್ಕೆ ಅದೇ ಮೂರು ಮಂದಿ ಬೇಕು. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಹರಡಿ ಮದ್ದಿನ ಕೆಲಸ ಇನ್ನೂ ಹೆಚ್ಚಿದೆ. ಚನ್ನಗಿರಿ, ಹೊಳಲ್ಕೆರೆ, ತುಮಕೂರಿನ ಬಯಲಿನಲ್ಲೂ ಅಡಿಕೆ ಹಬ್ಬಿದೆ. ಕೈಗಳು ಕಡಿಮೆಯಾಗುತ್ತಿರುವ ಹೊತ್ತಿನಲ್ಲೇ ಮರಗಳು ಹೆಚ್ಚಾದವು.

ಹಾಗಾಗಿ ರಾತ್ರಿ ಎಂಟು ಗಂಟೆಯ ಫೋನಿನಲ್ಲಿ ಮಾತು ಹೀಗೆ ನಡೆಯುತ್ತದೆ.

‘ಏನೋ ಗೌಡ, ನಾಳೆ ನಮ್ಮನೆ ಕಡೆ ಬರ್ತೀಯಾ?’

‘ಇಲ್ಲ ಹೆಗಡೇರೆ, ನಾಳೆ ಕೆಳಗಿನಕೇರಿ ಭಟ್ರ ಮನೇಲಿ. ಗುರುವಾರದವರೆಗೂ ಅಲ್ಲೇ.’

‘ಅವರಿಗಿಂತ ಕೊನೆಗೆ ಒಂದು ರೂಪಾಯಿ ಜಾಸ್ತಿ ಕೊಡೋಣ ಮಾರಾಯ.’

‘ರೂಪಾಯಿ ಮಾತಲ್ಲ ಹೆಗಡೇರೆ. ಒಪ್ಕೊಂಡಾಗಿದೆ. ಶುಕ್ರವಾರ ಬತ್ತೆ, ಹಗ್ಗ ಹಿಡಿಯೋಕೆ ಜನ ನೀವೇ ನೋಡ್ಕಳಿ.’

ಈ ನಾಲ್ಕು ಮಾತಿನಲ್ಲಿ ಪಠ್ಯಪುಸ್ತಕದಲ್ಲಿ ಇರುವುದೂ ಇದೆ, ಇಲ್ಲದ್ದೂ ಇದೆ. ಕೂಲಿ ಏರಿಸುವ ಆಮಿಷ ಇದೆ, ಕೊಟ್ಟ ಮಾತು ಇದೆ, ವರ್ಷವಿಡೀ ಉಳಿಯಬೇಕಾದ ಸಂಬಂಧ ಇದೆ. ಹರಾಜಿನಲ್ಲಿ ಅಡಿಕೆಚೀಲ ಹೆಚ್ಚು ಕೂಗಿದವನ ಪಾಲಾಗುತ್ತದೆ. ದುಡಿಮೆ ಹಾಗೆ ಆಗುವುದಿಲ್ಲ, ಏಕೆಂದರೆ ಅದರ ಜೊತೆಗೆ ದುಡಿಯುವವನೂ ಬರಬೇಕು.

ಅಪಾಯದ, ಕಷ್ಟದ, ವರ್ಷಪೂರ್ತಿ ಇರದ ಕೆಲಸಕ್ಕೆ ಕೂಲಿ ಯಾಕೆ ಹೆಚ್ಚಿರಬೇಕು ಎಂಬುದನ್ನು ಆ್ಯಡಂ ಸ್ಮಿತ್ 1776ರಲ್ಲೇ ವಿವರಿಸಿದ್ದ. ಕೆಲಸದ ಹಿತ–ಅಹಿತ, ಕಲಿಯುವ ಕಷ್ಟ, ವರ್ಷದಲ್ಲಿ ಎಷ್ಟು ದಿನ ಕೆಲಸ ಎಂಬುದು, ಇಡಬೇಕಾದ ನಂಬಿಕೆ, ಗೆಲ್ಲುವ ಸಾಧ್ಯತೆ, ಹೀಗೆ ಐದು ಕಾರಣ ಕೊಟ್ಟ. ಅವನ ಉದಾಹರಣೆ ಗಾರೆ ಕೆಲಸದವನದು: ಹಿಮ ಬಿದ್ದಾಗ, ಹವೆ ಕೆಟ್ಟಾಗ ಅವನಿಗೆ ಕೆಲಸವಿಲ್ಲ. ಆದ್ದರಿಂದ ಕೆಲಸವಿದ್ದ ದಿನದ ಕೂಲಿ ಕೆಲಸವಿಲ್ಲದ ದಿನದ ಊಟವನ್ನೂ ಒದಗಿಸಬೇಕು. ಕೊನೆಗೌಡನ ಲೆಕ್ಕ ಪೂರಾ ಇದೇ. ‘ದಿನಕ್ಕೆ ಅಷ್ಟು ದುಡೀತಾನೆ’ ಎಂದು ಹುಬ್ಬೇರಿಸುವವರು ಆ ದಿನಗಳು ವರ್ಷದಲ್ಲಿ ಎಷ್ಟು ಎಂದು ಎಣಿಸುವುದಿಲ್ಲ.

ಆದರೆ ಸ್ಮಿತ್‌ನ ಸೂತ್ರ ಅಷ್ಟು ಸರಿ ಇದ್ದಿದ್ದರೆ ನಮ್ಮ ಅಜ್ಜಂದಿರ ಕಾಲದಲ್ಲೂ ಮರ ಹತ್ತುವವನಿಗೆ ಒಳ್ಳೆಯ ಕೂಲಿ ಇರಬೇಕಿತ್ತು. ಮರ ಆಗಲೂ ಅಷ್ಟೇ ಎತ್ತರ, ಹಾವಸೆ ಆಗಲೂ ಅಷ್ಟೇ ಜಾರು. ಆದರೂ ಆಗ ಸಿಗುತ್ತಿದ್ದುದು ಕಾಳು, ಕವಳ, ಹಬ್ಬಕ್ಕೊಂದು ಬಟ್ಟೆ. ಯಾಕೆಂದರೆ ಅಪಾಯಕ್ಕೆ ಬೆಲೆ ಬರುವುದು ‘ಬೇಡ’ ಎನ್ನುವ ಶಕ್ತಿ ಇದ್ದವನಿಗೆ ಮಾತ್ರ. ಉಳುವ ಗದ್ದೆಯೂ, ಕೂತ ಮನೆಯ ಜಾಗವೂ ಒಡೆಯರದೇ ಆಗಿದ್ದಾಗ, ಇವತ್ತು ಮರ ಹತ್ತುವುದಿಲ್ಲ ಎಂದವನು ನಾಳೆ ಗೇಣಿ ಕಳೆದುಕೊಳ್ಳುತ್ತಿದ್ದ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು, 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು, 1976ರಲ್ಲಿ ಜೀತ ನಿಷೇಧ ಕಾಯ್ದೆಯಾದದ್ದು, ಇವನ್ನೆಲ್ಲ ನಾವು ಭೂಮಿಯ ಇತಿಹಾಸ ಎಂದು ಓದುತ್ತೇವೆ. ಕೂಲಿಯ ಇತಿಹಾಸವೂ ಅದೇ. ಅರ್ಧ ಎಕರೆ ಗದ್ದೆ ಸ್ವಂತದ್ದಾದ ದಿನವೇ ಕೂಲಿಯ ಮಾತುಕತೆಯಲ್ಲಿ ತಲೆಯೆತ್ತಿ ನಿಲ್ಲಲು ಒಂದು ನೆಲ ಸಿಕ್ಕಿತು. ಆಮೇಲೆ ಶಾಲೆ ಬಂತು, ಬಸ್ಸು ಬಂತು, ಬೆಂಗಳೂರಿನ ಪೀಣ್ಯದಲ್ಲಿ, ಹುಬ್ಬಳ್ಳಿಯಲ್ಲಿ, ಗೋವೆಯಲ್ಲಿ ಕೆಲಸ ಬಂತು. ಕೊನೆಗೌಡನ ಇಂದಿನ ಕೂಲಿಯನ್ನು ನಿಗದಿ ಮಾಡಿದ್ದು ಅಡಿಕೆಯ ದರಕ್ಕಿಂತ ಹೆಚ್ಚಾಗಿ, ಅವನ ಮಗನಿಗೆ ಊರಾಚೆ ಸಿಗಬಹುದಾದ ಸಂಬಳ.

ದುಡಿಯುವವರಿಗೆ ಬೇರೆ ದಾರಿ ತೆರೆದಾಗ ದುಡಿಸುವವರು ಕಾನೂನಿನ ಮೊರೆ ಹೋಗುವುದು ಹಳೆಯ ಚಾಳಿ. ಹದಿನಾಲ್ಕನೇ ಶತಮಾನದ ಪ್ಲೇಗಿನಲ್ಲಿ ಇಂಗ್ಲೆಂಡಿನ ಜನಸಂಖ್ಯೆಯ ದೊಡ್ಡ ಪಾಲು ಅಳಿದುಹೋಗಿ ಆಳುಗಳ ಕೊರತೆಯಾದಾಗ, 1349 ಮತ್ತು 1351ರಲ್ಲಿ ಅಲ್ಲಿನ ಅರಸೊತ್ತಿಗೆ ಪ್ಲೇಗಿಗೆ ಮುಂಚಿನ ಕೂಲಿಗಿಂತ ಹೆಚ್ಚು ಕೇಳುವಂತಿಲ್ಲ ಎಂದು ಕಟ್ಟಳೆ ಮಾಡಿತು. ಕೇಳಿದವರಿಗೆ ದಂಡ ಹಾಕಿತು. ಅಷ್ಟಾದರೂ ಮುಂದಿನ ದಶಕಗಳಲ್ಲಿ ಕೂಲಿ ಏರಿತು.

ಪುಕ್ಕಟೆ ಅಕ್ಕಿಯ ಆರೋಪಕ್ಕೆ ಬರೋಣ, ಏಕೆಂದರೆ ಇದನ್ನು ಹೇಳುವವರು ಮನಃಪೂರ್ವಕ ನಂಬಿ ಹೇಳುತ್ತಾರೆ. ಅನ್ನಭಾಗ್ಯ ಶುರುವಾಗಿದ್ದು 2013ರಲ್ಲಿ. ಹೊಟ್ಟೆ ತುಂಬಿದರೆ ದುಡಿಯುವ ಅಗತ್ಯ ತಗ್ಗಬಹುದು ಎಂಬುದು ತರ್ಕಕ್ಕೆ ಸರಿ. ಆದರೆ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು 2017ರಲ್ಲಿ ಆರು ದೇಶಗಳ ಏಳು ನೆರವು ಯೋಜನೆಗಳನ್ನು ತೂಗಿ ನೋಡಿದಾಗ, ನೆರವು ಪಡೆದವರು ಕೆಲಸ ಬಿಡುತ್ತಾರೆ ಎಂಬುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ನಮ್ಮಲ್ಲೂ ಯೋಚಿಸಿ ನೋಡಬೇಕು: ತಿಂಗಳಿಗೆ ಕೆಲವು ಕಿಲೋ ಅಕ್ಕಿ ಸಿಕ್ಕಿದವನು ಮಗಳ ಫೀಸು, ಬೈಕಿನ ಕಂತು, ಸಂಘದ ವಾರದ ಕಟ್ಟು ಇವಕ್ಕೆಲ್ಲ ದುಡಿಯುವುದನ್ನು ಬಿಡುತ್ತಾನೆಯೇ? ಅಕ್ಕಿ ಮಾಡಿದ್ದು ಬೇರೆ ಕೆಲಸ. ನಾಳೆ ಒಲೆ ಹೊತ್ತುವುದಿಲ್ಲ ಎಂಬ ಹೆದರಿಕೆಯಿಂದ ಸಿಕ್ಕ ಕೂಲಿಗೆ ಹೋಗಬೇಕಾದ ಅನಿವಾರ್ಯವನ್ನು ತೆಗೆಯಿತು. ಕೆಲಸ ಮಾಡುವ ಮನಸ್ಸು ಹೋಗಲಿಲ್ಲ, ಅಗ್ಗಕ್ಕೆ ಮಾಡುವ ಒತ್ತಡ ಹೋಯಿತು. ಬೆಳೆಗಾರನಿಗೆ ಇವೆರಡೂ ಒಂದೇ ತರ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಉದ್ಯೋಗ ಖಾತರಿಯದೂ ಇದೇ ಕಥೆ. 2006ರಲ್ಲಿ 200 ಜಿಲ್ಲೆಗಳಲ್ಲಿ ಶುರುವಾಗಿ 2008ಕ್ಕೆ ದೇಶವಿಡೀ ಹಬ್ಬಿದ ಈ ಯೋಜನೆ ಮೊದಲು ಬಂದ ಜಿಲ್ಲೆಗಳಲ್ಲಿ, ಬೇಸಾಯವಿಲ್ಲದ ದಿನಗಳ ಖಾಸಗಿ ಕೂಲಿ ಸುಮಾರು ಶೇ 4.7ರಷ್ಟು ಏರಿತು ಎಂದು ಇಂಬರ್ಟ್ ಮತ್ತು ಪ್ಯಾಪ್ ಎಂಬ ಇಬ್ಬರು ಸಂಶೋಧಕರು 2015ರಲ್ಲಿ ಲೆಕ್ಕ ತೋರಿಸಿದರು. ಕೂಲಿ ಏರಿದ್ದು ನಿಜ, ಬಡವರ ಪಾಲಿಗೆ ಅದು ಒಳ್ಳೆಯದೇ. ಆದರೆ ಕರ್ನಾಟಕದಲ್ಲಿ 2025–26ರ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಕೊನೆಗೌಡನ ದಿನದ ಗಳಿಕೆ ಸಾವಿರ ದಾಟಿ ಎಷ್ಟೋ ಮುಂದೆ ಹೋಗಿದೆ. 370 ರೂಪಾಯಿಯ ಆಸೆಗೆ ಅವನು ಮರ ಬಿಟ್ಟು ಕೆರೆಯ ಹೂಳೆತ್ತಲು ಹೋಗಿದ್ದಾನೆ ಎನ್ನುವುದು ನಿಲ್ಲದ ವಾದ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ 100 ದಿನಗಳನ್ನು 125ಕ್ಕೆ ಏರಿಸಿತು. ಜೊತೆಗೇ ಬಿತ್ತನೆ–ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನ ಆ ಕೆಲಸವನ್ನು ನಿಲ್ಲಿಸುವ ಏರ್ಪಾಡನ್ನೂ ಮಾಡಿತು. ರೈತರಿಗೆ ಆಳು ಸಿಗಲಿ ಎಂಬುದು ಇದರ ಸಮರ್ಥನೆ. ಕೂಲಿಯವರ ಮಾತಿಗೆ ಎಲ್ಲಕ್ಕಿಂತ ಹೆಚ್ಚು ತೂಕವಿರುವ ಎರಡು ತಿಂಗಳಲ್ಲೇ ಅವರ ಇನ್ನೊಂದು ದಾರಿಯನ್ನು ಮುಚ್ಚುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ಬೆಳೆಗಾರರ ಇನ್ನೊಂದು ದೂರು ಹೆಚ್ಚು ಗಮನಕ್ಕೆ ಅರ್ಹ. 2014ರಲ್ಲಿ ಅಡಿಕೆ ಧಾರಣೆ ಆಕಾಶಕ್ಕೇರಿತು, ಕೂಲಿಯೂ ಏರಿತು. ಆಮೇಲೆ ಧಾರಣೆ ದೊಪ್ಪನೆ ಬಿತ್ತು, ಕೂಲಿ ಬೀಳಲಿಲ್ಲ. ಇದು ಅಡಿಕೆ ಸೀಮೆಯ ಹಟವಲ್ಲ. ಅರ್ಥಶಾಸ್ತ್ರಜ್ಞೆ ಸುಪ್ರೀತ್ ಕೌರ್ ಭಾರತದ ಜಿಲ್ಲೆಗಳ ಹಲವು ದಶಕಗಳ ಕೃಷಿ ಕೂಲಿಯನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ: ಒಳ್ಳೆಯ ಮಳೆಯ ವರ್ಷ ಏರಿದ ಕೂಲಿ ಮುಂದಿನ ವರ್ಷ ಇಳಿಯುವುದಿಲ್ಲ, ಬದಲಿಗೆ ಕೆಲಸದ ದಿನಗಳು ಕಡಿಮೆಯಾಗುತ್ತವೆ. ಕೆಲಸವಿಲ್ಲದೆ ಕೂತವನು ಕಡಿಮೆ ಕೂಲಿಗೆ ಯಾಕೆ ಬರುವುದಿಲ್ಲ? ಕೌರ್ ಮತ್ತು ಜೊತೆಗಾರರು ಒಡಿಶಾದ ಹಳ್ಳಿಗಳಲ್ಲಿ ನಡೆಸಿದ ಪ್ರಯೋಗದಲ್ಲಿ ಉತ್ತರ ಸಿಕ್ಕಿತು. ಊರಿನ ರೇಟಿಗಿಂತ ಕಡಿಮೆಗೆ ಕೆಲಸ ಕೊಡುತ್ತೇವೆಂದು ಗುಟ್ಟಾಗಿ ಕೇಳಿದಾಗ ಒಪ್ಪಿದವರು ಹಲವರು. ಅದೇ ಮಾತನ್ನು ನೆರೆಹೊರೆಯವರಿಗೆ ಕೇಳುವಂತೆ ಆಡಿದಾಗ ಒಪ್ಪಿದವರು ಇಲ್ಲವೆನ್ನುವಷ್ಟು ಕಡಿಮೆ. ನೋಂದಣಿಯಿಲ್ಲ, ಬಾವುಟವಿಲ್ಲ, ಆದರೂ ಅಲ್ಲೊಂದು ಸಂಘವಿದೆ. ಒಬ್ಬನ ಅಗ್ಗದ ಕೂಲಿ ಎಲ್ಲರ ಕೂಲಿಯನ್ನು ಕೆಡಿಸುತ್ತದೆಂಬ ತಿಳಿವಳಿಕೆಯೇ ಅದರ ಕಟ್ಟಳೆ. ಬೆಳೆಗಾರರಿಗೂ ತಮ್ಮದೇ ‘ಊರಿನ ರೇಟು’ ಇರುತ್ತದೆ. ಹೆಚ್ಚು ಕೊಟ್ಟ ಪಕ್ಕದ ತೋಟದವನ ಮೇಲೆ ಸಿಟ್ಟಾಗದ ಊರು ಮಲೆನಾಡಿನಲ್ಲಿಲ್ಲ.

‘ಕೂಲಿ ಜಾಸ್ತಿ ಮಾಡಿದಷ್ಟೂ ಬೇಗ ಮನೆಗೆ ಹೋಗ್ತಾರೆ’ ಎಂಬ ಮಾತಿಗೂ ಅರ್ಥಶಾಸ್ತ್ರದಲ್ಲಿ ಜಾಗವಿದೆ. ಕೂಲಿ ಏರಿದಾಗ ಎರಡು ಸೆಳೆತ ಒಟ್ಟಿಗೆ ಕೆಲಸ ಮಾಡುತ್ತವೆ: ಇನ್ನೊಂದು ಗಂಟೆ ದುಡಿದರೆ ಹೆಚ್ಚು ಸಿಗುತ್ತದೆ ಎಂಬುದೊಂದು, ಬೇಕಾದಷ್ಟು ಆಗಲೇ ಸಿಕ್ಕಿದೆ, ಸಾಕು ಎಂಬುದು ಇನ್ನೊಂದು. ಎರಡನೆಯದು ಗೆದ್ದರೆ, ಯಾವ ಕೂಲಿಗೆ ಎಷ್ಟು ದುಡಿಮೆ ಎಂದು ತೋರಿಸುವ ಪೂರೈಕೆಯ ಗೆರೆ ಹಿಂದಕ್ಕೆ ಬಾಗುತ್ತದೆ. ಆದರೆ ಅಪರಾಹ್ನದ ಬಿಸಿಲಿನಲ್ಲಿ, ನಡುಗುವ ತೊಡೆಗಳೊಂದಿಗೆ ಇನ್ನೂ ಇಪ್ಪತ್ತು ಮರ ಹತ್ತದೆ ಇಳಿದವನನ್ನು ಸೋಮಾರಿ ಎನ್ನುವುದು ಸರಿಯಲ್ಲ. ದಣಿದ ಮೇಲಿನ ಮರವೇ ಬೀಳಿಸುವ ಮರ ಎಂಬುದು ಅವನಿಗೆ ಗೊತ್ತು. ಅಲ್ಲದೆ ಒಬ್ಬನು ಬೇಗ ಮನೆಗೆ ಹೋದರೂ ಒಳ್ಳೆಯ ಕೂಲಿ ಇನ್ನೊಬ್ಬನನ್ನು ಕೆಲಸಕ್ಕೆ ಎಳೆದು ತರಬಲ್ಲದು. ಒಬ್ಬನ ಗೆರೆ ಹಿಂದೆ ಬಾಗಿದರೂ ಊರಿನ ಗೆರೆ ಮುಂದೆಯೇ ಹೋಗಬಹುದು, ಕಲಿಯುವವರು ಇದ್ದರೆ.

ತೋಟದಿಂದ ಅಂಗಳಕ್ಕೆ ಬಂದ ಅಡಿಕೆಯದು ಹೆಂಗಸರ ಅಧ್ಯಾಯ. ಮೊದಲು ಸುಲಿಯುವ ಕೆಲಸ ಮುಯ್ಯಾಳಿನ ಲೆಕ್ಕದಲ್ಲಿ ನಡೆಯುತ್ತಿತ್ತು: ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ರಾತ್ರಿ ಬಹಳ ಹೊತ್ತಿನವರೆಗೆ ಮೆಟ್ಟುಗತ್ತಿಯ ಮುಂದೆ ಕೂತು, ಹಾಡು–ಹರಟೆಯ ನಡುವೆ ಬೆರಳು ಕಪ್ಪಾಗುವವರೆಗೆ ಸುಲಿಯುತ್ತಿದ್ದರು. ಆಮೇಲೆ ಅಳತೆಯ ಲೆಕ್ಕದ ಕೂಲಿ ಬಂತು, ಚುರುಕಿನ ಕೈಯವರು ಒಳ್ಳೆಯ ದುಡ್ಡು ಕಂಡರು. ಈಗ ಸುಲಿಯುವ ಯಂತ್ರ ಬಂದಿದೆ. ಗಂಡಸಿನ ಕೌಶಲ ದುಬಾರಿಯಾಗುತ್ತ ಹೋದ ಅದೇ ವರ್ಷಗಳಲ್ಲಿ ಹೆಂಗಸಿನ ಕೌಶಲವನ್ನು ಯಂತ್ರ ನುಂಗಿತು. ಸಮಾನ ವೇತನ ಕಾಯ್ದೆ ಬಂದು ಅರ್ಧ ಶತಮಾನವಾದರೂ ಕಳೆ ಕೀಳುವ, ಉದುರಡಿಕೆ ಹೆಕ್ಕುವ ಹೆಂಗಸಿನ ದಿನಗೂಲಿ ಗಂಡಸಿನದಕ್ಕಿಂತ ಕಡಿಮೆಯೇ. ಅವಳಿಗೆ ಕೆಲಸ ಕೊಡುವ ಮನೆಗಳು ನಡೆದು ಹೋಗುವ ದೂರದಲ್ಲಿ ನಾಲ್ಕೇ ಇದ್ದರೆ, ಆ ನಾಲ್ಕು ಮನೆ ಕೊಟ್ಟದ್ದೇ ಕೂಲಿ. ಕೊಳ್ಳುವವರು ಕೆಲವೇ ಮಂದಿಯಾದಾಗ ದುಡಿಮೆಯ ಬೆಲೆ ಹೇಗೆ ಕುಗ್ಗುತ್ತದೆಂದು ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲೇ ತೋರಿಸಿದ್ದಳು. 2023ರ ಜೂನ್‌ನಲ್ಲಿ ಶುರುವಾದ, ಹೆಂಗಸರಿಗೆ ಪುಕ್ಕಟೆ ಬಸ್ ಪ್ರಯಾಣದ ಶಕ್ತಿ ಯೋಜನೆಯನ್ನು ನಾನು ಈ ಕಣ್ಣಿನಿಂದಲೇ ನೋಡುತ್ತೇನೆ. ಬಸ್ಸಿನ ದುಡ್ಡು ಉಳಿದದ್ದಷ್ಟೇ ಅಲ್ಲ, ನಾಲ್ಕು ಮನೆಯ ಬದಲು ಪೇಟೆಯ ಅಂಗಡಿ, ಗೇರುಬೀಜದ ಕಾರ್ಖಾನೆಯವರೆಗೆ ಕೆಲಸ ಕೇಳಬಲ್ಲ ದೂರ ಅವಳದಾಯಿತು. ಬಸ್ಸು ಹೋಗದ ಕೇರಿಗಳಿಗೆ ಮಾತ್ರ ಈ ಮಾತು ಸಲ್ಲುವುದಿಲ್ಲ, ಮಲೆನಾಡಿನಲ್ಲಿ ಅಂಥವು ಬಹಳ.

ಕೂಲಿ ಏರಿದಾಗ ಕೂಲಿಯನ್ನು ಉಳಿಸುವ ಉಪಕರಣಗಳ ಕಡೆಗೆ ಜನರ ಬುದ್ಧಿ ಓಡುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾನ್ ಹಿಕ್ಸ್ 1932ರಲ್ಲಿ ಬರೆದ. ಬಂಟ್ವಾಳ ತಾಲ್ಲೂಕಿನ ಕೃಷಿಕರೊಬ್ಬರು ಮರ ಏರುವ ಬೈಕ್ ಮಾಡಿ 2019ರಲ್ಲಿ ದೇಶದ ಗಮನ ಸೆಳೆದರು. ಅದಕ್ಕಿಂತ ಹೆಚ್ಚು ಹರಡಿದ್ದು ಕಾರ್ಬನ್ ಫೈಬರ್ ದೋಟಿ: ನೆಲದ ಮೇಲೇ ನಿಂತು, ತುದಿಯ ಕತ್ತಿಯಿಂದ ಕೊನೆ ಕೊಯ್ಯುವ, ಕೊಳವೆ ಕಟ್ಟಿ ಮದ್ದು ಹೊಡೆಯುವ ಹಗುರ ಗಳ. ಬೆಲೆ ಹತ್ತಾರು ಸಾವಿರ. ಬೀಳುವ ಭಯವಿಲ್ಲ, ಕುತ್ತಿಗೆ ನೋವು ಮಾತ್ರ ತಪ್ಪಿದ್ದಲ್ಲ. ಇದರ ದೊಡ್ಡ ಉಪಕಾರವೆಂದರೆ ಕಲಿಯುವ ಕಾಲ ಕಿರಿದಾಯಿತು. ವರ್ಷಗಟ್ಟಲೆ ಕಲಿಯಬೇಕಾದ್ದನ್ನು ವಾರಗಳಲ್ಲಿ ಕಲಿತು ಇಪ್ಪತ್ತೈದರ ಹುಡುಗರು ದೋಟಿ ಹೊತ್ತು ಬೈಕಿನಲ್ಲಿ ತೋಟದಿಂದ ತೋಟಕ್ಕೆ ಹೋಗುತ್ತಿದ್ದಾರೆ. ಮುಚ್ಚಿದ್ದ ಬಾಗಿಲು ಹೀಗೆ ಸ್ವಲ್ಪ ತೆರೆಯಿತು. ಬಯಲುಸೀಮೆಯವರು ಬೇರೆ ದಾರಿ ಹಿಡಿದರು. ಚನ್ನಗಿರಿ, ಭದ್ರಾವತಿ ಕಡೆ ಫಸಲನ್ನು ಖೇಣಿದಾರನಿಗೆ ವಹಿಸಿದರೆ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲ ಅವನದೇ. ಆಳಿನ ತಲೆಬಿಸಿಯನ್ನು ಲಾಭದ ಒಂದು ಪಾಲಿನ ಜೊತೆ ಸೇರಿಸಿ ಮಾರಿದಂತೆ. ಆದರೆ ಇಳಿಜಾರಿನ, ಹಳೆಯ ಎತ್ತರದ ಮರಗಳ ಮಲೆನಾಡಿನ ತೋಟದಲ್ಲಿ ದೋಟಿ ಎಲ್ಲ ಕಡೆ ನಡೆಯುವುದಿಲ್ಲ. ಕೊನೆಗೌಡ ಇನ್ನೂ ಕೆಲವು ವರ್ಷ ಬೇಕು.

ಈ ಎಲ್ಲ ಲೆಕ್ಕದಲ್ಲಿ ತುಂಬದೆ ಉಳಿದ ಕಲಮು ಒಂದಿದೆ. ಅಪಾಯಕ್ಕೆ ಬೆಲೆ ಈಗ ಕೂಲಿಯಲ್ಲೇ ಸೇರಿದೆ ಎಂದು ಹೇಳುವುದು ಸುಲಭ. ಆದರೆ ಆ ಹೆಚ್ಚಿನ ಕೂಲಿ ದಿನದಿನಕ್ಕೆ ಬಂದು ದಿನದಿನದ ಖರ್ಚಿಗೆ ಹೋಗುತ್ತದೆ, ಬೀಳುವುದು ಒಂದೇ ದಿನ. ಸೊಂಟ ಮುರಿದವನ ಆಸ್ಪತ್ರೆ ಲಕ್ಷ ಕೇಳುತ್ತದೆ, ಮನೆಯ ಗಳಿಕೆ ಅಂದೇ ನಿಲ್ಲುತ್ತದೆ. ತೋಟದ ಯಜಮಾನರಲ್ಲಿ ಕೆಲವರು ಕೈಯಿಂದ ಕೊಡುತ್ತಾರೆ, ಕೆಲವರು ಕೈ ತೊಳೆದುಕೊಳ್ಳುತ್ತಾರೆ. ಹತ್ತಾರು ಮನೆಗೆ ಹೋಗುವವನಿಗೆ ಮಾಲೀಕ ಯಾರು ಎಂಬುದೇ ತಕರಾರು. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ವಿಮೆಯಾದರೂ ಇದೆ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಪಘಾತದಲ್ಲಿ ಸತ್ತರೆ 2 ಲಕ್ಷ ಕೊಡುತ್ತದೆ. ಶಾಶ್ವತ ಅಂಗವೈಕಲ್ಯಕ್ಕೂ ಕೊಡುತ್ತದೆ. ಆದರೆ ಆಸ್ಪತ್ರೆಯ ಬಿಲ್ಲಿಗೆ, ಆರು ತಿಂಗಳು ಮಲಗಿದ ದಿನಗಳ ಕೂಲಿಗೆ ಅದರಲ್ಲಿ ಏನೂ ಇಲ್ಲ.

ಅಡಿಕೆ ಸೀಮೆಗೆ ಸಹಕಾರದ ಕೊರತೆಯಿಲ್ಲ. ಶಿರಸಿಯ ಟಿಎಸ್‌ಎಸ್ 1923ರಲ್ಲಿ, ಮಂಗಳೂರಿನ ಕ್ಯಾಂಪ್ಕೊ 1973ರಲ್ಲಿ ಹುಟ್ಟಿದವು, ಶಿವಮೊಗ್ಗದ ಮ್ಯಾಮ್ಕೋಸ್ ಇದೆ, ಊರೂರಿಗೆ ಪ್ರಾಥಮಿಕ ಸಂಘಗಳಿವೆ. ಬೆಳೆಗಾರನ ಅಡಿಕೆ ತೂಗುವಾಗಲೇ ಕಿಲೋಗೆ ಒಂದು ರೂಪಾಯಿ ಕಡಿತ ಮಾಡಿದರೆ ಹತ್ತು ಕ್ವಿಂಟಲ್ ಬೆಳೆದವನಿಗೆ ಬೀಳುವುದು ಸಾವಿರ ರೂಪಾಯಿ. ಲಕ್ಷ ಕ್ವಿಂಟಲ್ ವಹಿವಾಟಿನ ಸಂಘದಲ್ಲಿ ಅದು ವರ್ಷಕ್ಕೆ ಒಂದು ಕೋಟಿಯ ನಿಧಿ. ಆ ವ್ಯಾಪ್ತಿಯಲ್ಲಿ ಮರ ಹತ್ತುವವರೆಲ್ಲರ ಹೆಸರು ಬರೆದುಕೊಂಡು, ಯಾರ ತೋಟದಲ್ಲಿ ಬಿದ್ದರೂ ಆಸ್ಪತ್ರೆ ಖರ್ಚು ಮತ್ತು ಎದ್ದು ನಿಲ್ಲುವವರೆಗಿನ ಅರ್ಧ ಕೂಲಿ ಕೊಡಲು ಅದು ಸಾಲಬಹುದು. ಮಾಲೀಕ ಯಾರೆಂಬ ತಕರಾರೂ ಏಳುವುದಿಲ್ಲ. ಸಂಘಗಳ ಸರ್ವಸಾಧಾರಣ ಸಭೆ ಸಾಮಾನ್ಯವಾಗಿ ಸೆಪ್ಟೆಂಬರ್ ಒಳಗೆ, ಅಂದರೆ ಕೊಯ್ಲು ಬಿರುಸಾಗುವ ಮೊದಲೇ ನಡೆಯುತ್ತದೆ. ಈ ಸಲದ ಸಭೆಯ ವಿಷಯಪಟ್ಟಿಗೆ ಇದೊಂದನ್ನು ಸೇರಿಸಲು ಸದಸ್ಯರು ಅರ್ಜಿ ಕೊಡಲಿ.